ಬೀಗ ಕಂಪನಿಯದು, ಬೀಗದಕೈ ಯಾರದು?

2023ರ ಫೆಬ್ರವರಿ 8ರ ಸಂಜೆ ಸುಮಾರು 5-45ರ ಹೊತ್ತಿಗೆ ನಮ್ಮ ಜಿಲ್ಲೆಯ ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ಏನಾಗಬೇಕಿತ್ತು, ಏನಾಗಲಿಲ್ಲ ಎಂಬುದನ್ನು ಬಹಳ ಮಂದಿ ಮರೆತಿದ್ದಾರೆ. ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ಸಿಗೆ ಹೊರಡಲು ಅನುಮತಿ ಸಿಕ್ಕಿತ್ತು. ಮಾಸ್ತರ ಮುಂದಿನ ಫಲಕದಲ್ಲಿ ದಾರಿ ಸರಿಯಾಗಿಯೇ ತೋರುತ್ತಿತ್ತು. ಆದರೆ ಹಳಿಯ ಪಾಯಿಂಟು ಬೇರೆ ಲೈನಿಗೆ ತಿರುಗಿಕೊಂಡಿತ್ತು. ಆ ಲೈನಿನಲ್ಲಿ ಗೂಡ್ಸ್ ಗಾಡಿ. ಡ್ರೈವರ್ ಕಣ್ಣು ಚುರುಕಾಗಿತ್ತು, ಬ್ರೇಕ್ ಹಾಕಿದರು, ಗಾಡಿ ನಿಂತಿತು. ಒಳಗೆ ಕೂತವರಿಗೆ ಯಾಕೆ ನಿಂತಿತೆಂದು ಆಗ ಗೊತ್ತಾಗಿರಲಿಕ್ಕೂ ಇಲ್ಲ.

ಮರುದಿನವೇ ನೈಋತ್ಯ ರೈಲ್ವೆಯ ಪ್ರಧಾನ ಮುಖ್ಯ ಕಾರ್ಯಾಚರಣಾ ವ್ಯವಸ್ಥಾಪಕರು ಒಂದು ಪತ್ರ ಬರೆದರು. ವ್ಯವಸ್ಥೆಯಲ್ಲಿ ಗಂಭೀರ ದೋಷವಿದೆ, ಗಾಡಿ ಹೊರಟ ಮೇಲೂ ದಾರಿ ಬದಲಾಗುತ್ತಿದೆ, ಕೂಡಲೇ ಸರಿಪಡಿಸದಿದ್ದರೆ ದೊಡ್ಡ ಅಪಘಾತ ಆದೀತು ಎಂಬುದು ಅದರ ಸಾರ. ಹಳಿ ಪಕ್ಕದ ಲೊಕೇಷನ್ ಬಾಕ್ಸನ್ನು ಮೆಮೊ ಇಲ್ಲದೆ ತೆರೆಯುವ ಚಾಳಿಯತ್ತಲೂ ಪತ್ರ ಬೊಟ್ಟು ಮಾಡಿತ್ತು. ಪತ್ರ ಬರೆದು ನಾಲ್ಕು ತಿಂಗಳೂ ತುಂಬಿರಲಿಲ್ಲ, ಜೂನ್ 2ರಂದು ಒಡಿಶಾದ ಬಾಲಸೋರ್ ಬಳಿ ಬಹನಾಗಾ ಬಜಾರ್ ಸ್ಟೇಷನ್ನಿನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಲೈನಿಗೆ ನುಗ್ಗಿ ನಿಂತ ಗೂಡ್ಸ್ ಗಾಡಿಗೆ ಹೊಡೆಯಿತು. ಅದರ ಬೋಗಿಗಳು ಹೋಗಿ ಬಿದ್ದದ್ದು ನಮ್ಮ ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ಗಾಡಿಯ ಹಿಂಭಾಗದ ಮೇಲೆ. ಸತ್ತವರು 290ಕ್ಕೂ ಹೆಚ್ಚು. ಅಲ್ಲಿಯೂ ಸಿಗ್ನಲ್ ಹಸಿರು, ಪಾಯಿಂಟು ಮಾತ್ರ ಬೇರೆ ಕಡೆ.

ಅಂದಿನಿಂದ ಎಲ್ಲರ ಬಾಯಲ್ಲೂ ಒಂದೇ ಮಾತು, ಕವಚ. ‘ಕವಚ ಹಾಕಿದ್ರೆ ಎಲ್ಲ ಸರಿಹೋಗುತ್ತೆ ಬಿಡಿ’ ಎಂದು ಅಂಗಡಿ ಕಟ್ಟೆಯಲ್ಲೂ ಮಾತು, ಶೇರು ಪೇಟೆಯಲ್ಲೂ ಮಾತು. ರೈಲ್ವೆಯ ಸಂಶೋಧನಾ ಸಂಸ್ಥೆ ರೂಪಿಸಿದ ಈ ಸಾಮಾನನ್ನು ಮೊದಲಿಗೆ ತಯಾರಿಸಿ ಕೊಟ್ಟದ್ದು ಮೂರು ಕಂಪನಿ: ಮೇಧಾ, ಎಚ್‌ಬಿಎಲ್, ಕರ್ನೆಕ್ಸ್. ಮೂರೂ ಹೈದರಾಬಾದಿನವು. ಇವುಗಳಲ್ಲಿ ಕರ್ನೆಕ್ಸ್ ಹಳೇ ಕುಳ. ಕೊಂಕಣ ರೈಲ್ವೆಯ ರಾಜಾರಾಂ ಅವರು ಗಾಡಿ ಗಾಡಿಗೆ ಡಿಕ್ಕಿಯಾಗದಂತೆ ತಡೆಯುವ ‘ರಕ್ಷಾ ಕವಚ’ ಎಂಬ ಯಂತ್ರ ಯೋಚಿಸಿದಾಗ ಅದನ್ನು ತಯಾರಿಸಿದ್ದೂ ಇದೇ ಕಂಪನಿ. ಆ ಯಂತ್ರ ಈಶಾನ್ಯ ಗಡಿ ರೈಲ್ವೆಯಲ್ಲಿ ಪ್ರಯೋಗಕ್ಕೆ ಹೋಯಿತು, ದೇಶಕ್ಕೆಲ್ಲ ಬರಲಿಲ್ಲ. ಹೆಸರು ಮಾತ್ರ ಉಳಿಯಿತು.

ಈಗಿನ ಕವಚ ಕೆಲಸ ಮಾಡುವ ಬಗೆ ಬಹಳ ಗಹನವೇನಲ್ಲ. ಹಳಿ ನಡುವೆ ಸಣ್ಣ ಬಿಲ್ಲೆಗಳನ್ನು ಕೂರಿಸಿರುತ್ತಾರೆ. ಗಾಡಿ ಅವುಗಳ ಮೇಲೆ ಹಾದಾಗ ತಾನು ಎಲ್ಲಿದ್ದೇನೆಂದು ಇಂಜಿನ್ನಿಗೆ ತಿಳಿಯುತ್ತದೆ. ಸ್ಟೇಷನ್ನಿನ ಟವರಿನಿಂದ ಮುಂದಿನ ಸಿಗ್ನಲ್ ಕೆಂಪೋ ಹಸಿರೋ ಎಂಬ ಸುದ್ದಿ ರೇಡಿಯೋದಲ್ಲಿ ಬರುತ್ತದೆ. ಕೆಂಪಿದ್ದೂ ಡ್ರೈವರ್ ನಿಲ್ಲಿಸದಿದ್ದರೆ ಯಂತ್ರ ತಾನೇ ಬ್ರೇಕ್ ಹಾಕುತ್ತದೆ. 2016ರಲ್ಲಿ ಪ್ಯಾಸೆಂಜರ್ ಗಾಡಿಗಳ ಮೇಲೆ ಪ್ರಯೋಗ ನಡೆದು, 2020ರಲ್ಲಿ ಇಡೀ ದೇಶಕ್ಕೆ ಇದೇ ಎಂದು ಗೊತ್ತುಮಾಡಿದರು. ಸರ್ಕಾರವೇ ಹೇಳಿದ ಲೆಕ್ಕದಲ್ಲಿ ಕಿಲೋಮೀಟರಿಗೆ ಸುಮಾರು 50 ಲಕ್ಷ, ಇಂಜಿನ್ನಿಗೆ 80 ಲಕ್ಷ. ನೂರು ಕಿಲೋಮೀಟರಿಗೆ ಹಳಿ ಬದಿಯ ಖರ್ಚೇ 50 ಕೋಟಿ ಆಯಿತು.

ದುಡ್ಡು ದಂಡ ಎನ್ನುವವರು 2012ರ ಮೇ 22ನ್ನು ನೆನೆಯಲಿ. ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ಹೊರಟ ಹಂಪಿ ಎಕ್ಸ್‌ಪ್ರೆಸ್ ಬೆಳಗಿನ ಜಾವ ಪೆನುಕೊಂಡದಲ್ಲಿ ಕೆಂಪು ಸಿಗ್ನಲ್ ದಾಟಿ ನಿಂತಿದ್ದ ಗೂಡ್ಸ್ ಗಾಡಿಗೆ ಹೊಡೆಯಿತು. 20ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಕವಚ ಇದ್ದಿದ್ದರೆ ಅಷ್ಟೂ ಜೀವ ಉಳಿಯುತ್ತಿತ್ತು. ಅದಕ್ಕಾಗಿಯೇ ಅದು ಬರಬೇಕು, ಬೇಗ ಬರಬೇಕು.

ಆದರೆ ಹೊಸದುರ್ಗ ರೋಡಿನಲ್ಲಿ, ಬಹನಾಗಾದಲ್ಲಿ ಅದು ಏನು ಮಾಡುತ್ತಿತ್ತು? ಕವಚಕ್ಕೆ ತನ್ನದೇ ಕಣ್ಣಿಲ್ಲ. ಸ್ಟೇಷನ್ನಿನ ಇಂಟರ್‌ಲಾಕಿಂಗ್ ಹೇಳಿದ್ದನ್ನೇ ಅದು ನಂಬಬೇಕು. ದಾರಿ ಸರಿಯಿದೆ ಎಂದು ವೈರು ಸುಳ್ಳು ಹೇಳಿದರೆ, ಇಂಜಿನ್ನಿಗೂ ಅದೇ ಸುಳ್ಳು ಮುಟ್ಟುತ್ತದೆ. ಬಾಲಸೋರ್ ಆದ ಮೇಲೆ ರೈಲ್ವೆ ಅಧಿಕಾರಿಗಳೇ ಇದನ್ನು ಒಪ್ಪಿಕೊಂಡರು. ಸಾವಿರಾರು ರೂಪಾಯಿಯ ಬೀಗ ತಂದು ಷಟರಿಗೆ ಹಾಕಿ, ಬೀಗದಕೈ ಪಕ್ಕದ ಮೊಳೆಗೆ ನೇತುಹಾಕಿದರೆ ಕಂಪನಿಯವನು ಏನು ಮಾಡಿಯಾನು ಹೇಳಿ ಸ್ವಾಮಿ.

ಬಹನಾಗಾದ ತಪ್ಪು ಹುಟ್ಟಿದ್ದು ಎಲ್ಲಿ? ಲೆವೆಲ್ ಕ್ರಾಸಿಂಗ್ ಗೇಟಿನಲ್ಲಿ. ಗೇಟಿನ ಕಂಬ ಏಳಿಸುವ ವಿದ್ಯುತ್ ಯಂತ್ರದ ಕೆಲಸ ನಡೆಯುತ್ತಿತ್ತು. ಅಲ್ಲಿನ ಬಾಕ್ಸಿನಲ್ಲಿ 2018ರಲ್ಲಿ ಬದಲಾಯಿಸಿದ್ದ ವೈರುಗಳ ಗುರುತು ಸರಿಯಾಗಿ ಬರೆದಿರಲಿಲ್ಲ. ಒಂದರ ಜಾಗಕ್ಕೆ ಇನ್ನೊಂದು ಸೇರಿತು. 2022ರ ಮೇ 16ರಂದು ಅದೇ ಖರಗ್‌ಪುರ ವಿಭಾಗದ ಇನ್ನೊಂದು ಸ್ಟೇಷನ್ನಿನಲ್ಲಿ ವೈರು ತಪ್ಪಿದ್ದಿತ್ತು, ಆಗಲೇ ಎಚ್ಚೆತ್ತಿದ್ದರೆ ಇದು ಆಗುತ್ತಿರಲಿಲ್ಲ ಎಂದು ರೈಲ್ವೆ ಸುರಕ್ಷತಾ ಆಯುಕ್ತರ ವರದಿ ಹೇಳಿದೆ. ಸಿಬಿಐ ಬಂಧಿಸಿದ್ದು ಮಾತ್ರ ಸಿಗ್ನಲ್ ವಿಭಾಗದ ಮೂವರನ್ನು. ವರದಿಯನ್ನು ಕಡತದಲ್ಲಿಟ್ಟು ಕೂತವರ ಕೈಗೆ ಕೋಳ ಬೀಳಲಿಲ್ಲ.

ಮೆಮೊ ಇಲ್ಲದೆ ಬಾಕ್ಸ್ ಯಾಕೆ ತೆರೆಯುತ್ತಾರೆ? ಮೇಂಟೇನರ್ ಸೋಮಾರಿ ಎಂದು ಬೈದು ಮುಗಿಸುವುದು ಸುಲಭ. ನಿಯಮದ ಪ್ರಕಾರ ಅವನು ಮಾಸ್ತರಿಗೆ ಡಿಸ್‌ಕನೆಕ್ಷನ್ ಮೆಮೊ ಕೊಡಬೇಕು, ಮಾಸ್ತರು ಸಹಿ ಹಾಕಬೇಕು, ಕೆಲಸ ಮುಗಿದು ಪರೀಕ್ಷೆ ಆಗುವವರೆಗೆ ಆ ಸಿಗ್ನಲ್ ಬಳಕೆಯಲ್ಲಿ ಇರಬಾರದು. ಗಾಡಿ ನಿಧಾನವಾಗುತ್ತದೆ. ಹತ್ತು ನಿಮಿಷ ತಡವಾದರೆ ಮೇಲಿನಿಂದ ಫೋನು. ಇತ್ತ ಗೇಟಿನಲ್ಲಿ ಬಸ್ಸು ನಿಂತಿರುತ್ತದೆ, ಬಸ್ಸಿನಲ್ಲಿ ಕೂತವರು ಗೇಟಿನವನ ವಂಶವನ್ನೇ ಜಾಲಾಡುತ್ತಿರುತ್ತಾರೆ. ‘ಮೆಮೊ ಆಮೇಲೆ ನೋಡ್ಕಳಣ, ಮೊದಲು ಸರಿಮಾಡಪ್ಪ’ ಎಂಬ ಮಾತು ಹುಟ್ಟುವುದು ಇಂಥ ಹೊತ್ತಿನಲ್ಲೇ. ಬಾಯಿಮಾತಿಗೆ ಸಹಿ ಇಲ್ಲ, ಸಿಕ್ಕಿಬೀಳುವವನು ಸ್ಕ್ರೂಡ್ರೈವರ್ ಹಿಡಿದವನೇ.

ಸಿಂಗಲ್ ಲೈನಿನ ಕಾಲದಲ್ಲಿ ಟೋಕನ್ ಇತ್ತು. ಕೈಮರ ಇಳಿದಿದ್ದರೂ ಟೋಕನ್ ಕೈಗೆ ಬಾರದೆ ಡ್ರೈವರ್ ಗಾಡಿ ಬಿಡುತ್ತಿರಲಿಲ್ಲ. ನಿಧಾನದ ಪದ್ಧತಿ, ನಿಜ. ಆದರೆ ಅನುಮತಿ ಎಂಬುದು ಕಣ್ಣಿಗೆ ಕಾಣುವ ವಸ್ತುವಾಗಿತ್ತು. ಈಗ ಅದು ಬೀಗ ಹಾಕಿದ ಪೆಟ್ಟಿಗೆಯೊಳಗಿನ ವೈರು. ಆ ಬೀಗದ ಕಥೆಯೂ ಕೇಳಿ: ಸಿಗ್ನಲ್ ಸಾಮಾನಿರುವ ಗುಮಟಿಗಳಿಗೆ ಜೋಡಿ ಬೀಗ ಇದೆಯೇ ಎಂದು ದೇಶಾದ್ಯಂತ ತಪಾಸಣೆ ಮಾಡಲು ರೈಲ್ವೆ ಮಂಡಳಿ ಆದೇಶಿಸಿದ್ದು 2023ರ ಜೂನ್‌ನಲ್ಲಿ, ಬಹನಾಗಾದ ಹೆಣಗಳನ್ನು ಎತ್ತಿದ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಕೋಟೆ ಊರಿನವರಿಗೆ ಈ ಗಾದೆ ಬಿಡಿಸಿ ಹೇಳಬೇಕಿಲ್ಲ.

ರೈಲ್ವೆ ವಿಭಾಗಕ್ಕೊಂದು ಬಳಕೆದಾರರ ಸಲಹಾ ಸಮಿತಿ ಎಂಬುದಿದೆ. ವರ್ತಕರ ಸಂಘದವರಿಗೆ ಅದರಲ್ಲಿ ಜಾಗವಿದೆ. ಅಲ್ಲಿ ಕೇಳುವುದೇನು? ಆ ಗಾಡಿಗೆ ಇಲ್ಲಿ ಸ್ಟಾಪ್ ಕೊಡಿ, ಪ್ಲಾಟ್‌ಫಾರಂಗೆ ಚಾವಣಿ ಹಾಕಿಸಿ. ಕೇಳಲಿ, ಬೇಡವೆಂದವರಾರು? ಅದರ ಜೊತೆಗೆ ಬೀರೂರಿನಿಂದ ಚಿಕ್ಕಜಾಜೂರಿನವರೆಗೆ ಸಿಗ್ನಲ್ ಮೇಂಟೇನರ್ ಹುದ್ದೆ ಎಷ್ಟು, ಖಾಲಿ ಎಷ್ಟು ಎಂದು ಕೇಳಲಿ. ಕಳೆದ ಆರು ತಿಂಗಳಲ್ಲಿ ಎಷ್ಟು ಮೆಮೊ ಕೊಟ್ಟರು, ಎಷ್ಟನ್ನು ಮಾಸ್ತರು ‘ಈಗಾಗಲ್ಲ’ ಎಂದು ವಾಪಸ್ ಮಾಡಿದರು ಎಂದು ಲಿಖಿತವಾಗಿ ಕೇಳಲಿ. ಜೋಡಿ ಬೀಗದ ಎರಡನೇ ಬೀಗದಕೈ ರಾತ್ರಿ ಪಾಳಿಯಲ್ಲಿ ಯಾರ ಜೇಬಿನಲ್ಲಿರುತ್ತದೆ ಎಂಬುದನ್ನೂ ಕೇಳಿ ಬರಲಿ.