ಎಂಎಸ್ ಇರುವವರ ಸುಸ್ತು ಸೋಮಾರಿತನವೇ?

‘ಎದ್ದು ಓಡಾಡಿದರೆ ಸುಸ್ತು ತಾನೇ ಹೋಗುತ್ತದೆ’ ಎಂಬ ಮಾತನ್ನು ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇರುವವರಿಗೆ ಫಾರ್ವರ್ಡ್ ಮಾಡುವ ಮುನ್ನ ನಾವು ಸ್ವಲ್ಪ ಯೋಚಿಸಬೇಕು. ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳುಮಾಡುತ್ತದೆ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದವರೂ ಬೆಳಿಗ್ಗೆಯೇ ಬಸವಳಿಯಬಹುದು. ಮನೆಯವರು ಇದನ್ನು ‘ನಾಟಕ’ ಅನ್ನುವುದುಂಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಾದರೂ ಎಂಎಸ್ ಅನ್ನು ಪಟ್ಟಿಗೆ ಸೇರಿಸಿದೆ.

ಸೆಕೆ ಇದನ್ನು ಇನ್ನೂ ಹೆಚ್ಚಿಸುತ್ತದೆ. ಏಪ್ರಿಲ್‌ನಲ್ಲಿ ಅರಕಲಗೂಡು, ಹೊಳೆನರಸೀಪುರ ಅಥವಾ ಚನ್ನರಾಯಪಟ್ಟಣದಿಂದ ತುಂಬಿದ ಬಸ್ಸಿನಲ್ಲಿ ಹಾಸನಕ್ಕೆ ಬರುವಷ್ಟರಲ್ಲಿ ಕಾಲು ಸೋಲಬಹುದು, ಕಣ್ಣು ಮಂಜಾಗಬಹುದು. ಮೈ ತಣ್ಣಗಾದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹೋಫ್ 1890ರಲ್ಲೇ ಇದನ್ನು ದಾಖಲಿಸಿದ್ದರು. ಒಂದು ದಿನ ಕಳೆದರೂ ಇಳಿಯದಿದ್ದರೆ ನರರೋಗ ತಜ್ಞರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್ ಪರೀಕ್ಷೆಯೂ ಆಗಲಿ. ಹಾಗೆಂದು ವ್ಯಾಯಾಮ ಬಿಡಬೇಕಿಲ್ಲ: ತಂಪು ಹೊತ್ತಿನಲ್ಲಿ, ನಡುನಡುವೆ ಕುಳಿತು ಮಾಡಿದರೆ ಅನುಕೂಲವೇ.