ವಯಸ್ಸು ಕೇಳದ ನ್ಯಾಯ

1994ರಲ್ಲಿ ಪುಣೆಯಲ್ಲಿ ಐವರು ಮಹಿಳೆಯರು ಮತ್ತು ಇಬ್ಬರು ಮಕ್ಕಳ ಹತ್ಯೆ ನಡೆಯಿತು. ಅಪರಾಧಿಗಳಲ್ಲೊಬ್ಬನಿಗೆ ವಿಧಿಸಲಾದ ಮರಣದಂಡನೆಯನ್ನು 2000ದಲ್ಲಿ ಸುಪ್ರೀಮ್ ಕೋರ್ಟು ಎತ್ತಿ ಹಿಡಿಯಿತು. ಆದರೆ 2023ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ ಆತನನ್ನು ಬಿಡುಗಡೆಗೊಳಿಸಿತು. ಕೃತ್ಯ ನಡೆದಾಗ ಆತನಿಗೆ ಬರೇ ಹನ್ನೆರಡೂವರೆ ವರ್ಷವೆಂದು ರಾಜಸ್ತಾನದ ಶಾಲೆಯೊಂದರ ದಾಖಲೆ ಹೇಳುತ್ತಿತ್ತು. ಅಷ್ಟರಲ್ಲಿ 28 ವರ್ಷಗಳಿಗೂ ಅಧಿಕ ಕಾಲ ಆತ ಜೈಲಿನಲ್ಲಿ ಕಳೆದಾಗಿತ್ತು.

ಬಲಿಯಾದವರ ಕುಟುಂಬದ ನೋವನ್ನು ಯಾರೂ ಲಘುವಾಗಿ ಕಾಣಬಾರದು. ಆದರೆ ಅಂದು ಜಾರಿಯಲ್ಲಿದ್ದ ಕಾನೂನಿನ ಪ್ರಕಾರವೂ ಆತ ಬಾಲಕನೇ ಆಗಿದ್ದ. ಹಾಗಿದ್ದರೂ ಅವನ ನಿಜ ವಯಸ್ಸು ನ್ಯಾಯಪೀಠದ ಮುಂದೆ ಸಾಬೀತಾಗಲು ಮೂರು ದಶಕ ಬೇಕಾಯಿತೇಕೆ?

ಮಕ್ಕಳಿಗೆ ಪ್ರತ್ಯೇಕ ನ್ಯಾಯ ಬೇಕೆಂಬುದು ಹೊಸ ವಿಚಾರವಲ್ಲ. ಎಳೆಯರನ್ನು ಜೈಲಿನ ಬದಲು ಸುಧಾರಣಾ ಶಾಲೆಗೆ ಕಳುಹಿಸುವ ಕಾನೂನು 1876ರಲ್ಲೇ ಬಂದಿತ್ತು. 1919-20ರ ಜೈಲು ಸಮಿತಿಯ ಬಳಿಕ ಮದ್ರಾಸ್ ಪ್ರಾಂತ 1920ರಲ್ಲಿ, ಮುಂಬೈ ಪ್ರಾಂತ 1924ರಲ್ಲಿ ಮಕ್ಕಳ ಕಾಯಿದೆ ತಂದವು. ಅಂದರೆ ಮಂಗಳೂರಿಗೂ ಧಾರವಾಡಕ್ಕೂ ಈ ವಿಚಾರ ನೂರು ವರ್ಷ ಹಳೆಯದು. 1986ರಲ್ಲಿ ಜಮ್ಮು-ಕಾಶ್ಮೀರ ಬಿಟ್ಟು ಇಡೀ ದೇಶಕ್ಕೆ ಅನ್ವಯಿಸುವಂತೆ ಬಂದ ಬಾಲನ್ಯಾಯ ಕಾಯಿದೆಯು ಹುಡುಗರಿಗೆ 16, ಹುಡುಗಿಯರಿಗೆ 18ರ ಮಿತಿ ಇರಿಸಿತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು 1992ರಲ್ಲಿ ಒಪ್ಪಿಕೊಂಡ ಭಾರತ, 2000ದ ಕಾಯಿದೆಯಲ್ಲಿ ಇಬ್ಬರಿಗೂ 18 ಎಂದು ನಿಗದಿಪಡಿಸಿತು. 2012ರ ದೆಹಲಿ ಅತ್ಯಾಚಾರದ ಬಳಿಕ ದೇಶದಲ್ಲೆದ್ದ ಆಕ್ರೋಶದಿಂದ 2015ರ ಕಾಯಿದೆ ಹುಟ್ಟಿತು. ಅದರಂತೆ, ಘೋರ ಅಪರಾಧದ ಆರೋಪ ಹೊತ್ತ 16ರಿಂದ 18ರ ಹರೆಯದವರನ್ನು ಪ್ರಾಥಮಿಕ ಪರಿಶೀಲನೆಯ ನಂತರ ವಯಸ್ಕರಂತೆ ವಿಚಾರಣೆಗೆ ಒಳಪಡಿಸಬಹುದು.

ಇಷ್ಟಾದರೂ ಕಾಯಿದೆಯ ಜೀವಾಳ ಉಳಿದಿದೆ. ಬಾಲಕನನ್ನು ಲಾಕಪ್ಪಿಗೆ ಹಾಕುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಓರ್ವ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರಿರುತ್ತಾರೆ. ಇವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಜಾಮೀನು ಸಾಮಾನ್ಯ ನಿಯಮ, ನಿರಾಕರಣೆ ಅಪವಾದ. ಮಂಡಳಿ ವಿಧಿಸಬಹುದಾದ ವಿಶೇಷ ಗೃಹವಾಸ ಮೂರು ವರ್ಷ ಮೀರುವಂತಿಲ್ಲ. ಮಗುವಿನ ಹೆಸರು, ಚಿತ್ರ ಪ್ರಕಟಿಸುವುದೂ ಅಪರಾಧ.

ಆದರೆ ಈ ಎಲ್ಲ ರಕ್ಷಣೆಯೂ ಒಂದೇ ಬಾಗಿಲ ಮೂಲಕ ಸಿಗಬೇಕು. ಅದು ವಯಸ್ಸು. ಠಾಣೆಯ ಕಡತದಲ್ಲಿ 'ಸುಮಾರು 19' ಎಂದು ಬರೆದುಬಿಟ್ಟರೆ ಬಾಲಕ ನೇರವಾಗಿ ಜೈಲಿನ ದಾರಿ ಹಿಡಿಯುತ್ತಾನೆ. ಶ್ರೀಮಂತನ ಮಗನ ಬೆನ್ನಿಗೆ ವಕೀಲನಿರುತ್ತಾನೆ. ಊರು ಬಿಟ್ಟು ದುಡಿಯಲು ಬಂದ ಬಡ ಬಾಲಕನ ಬೆನ್ನಿಗೆ ಯಾರಿದ್ದಾರೆ? ಕಾನೂನು ಮೊದಲು ಕೇಳುವುದು ಶಾಲಾ ದಾಖಲೆಯನ್ನು, ಅದಿಲ್ಲದಿದ್ದರೆ ಸ್ಥಳೀಯಾಡಳಿತದ ಜನನ ಪ್ರಮಾಣ ಪತ್ರವನ್ನು. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಅದು ಹೇಳುವುದು ಅಂದಾಜು ವಯಸ್ಸನ್ನಷ್ಟೇ.

ಆದ್ದರಿಂದ ಇಲ್ಲಿ ಸರಕಾರದಷ್ಟೇ ಸಮಾಜಕ್ಕೂ ಹೊಣೆಯಿದೆ. ಮಗುವಿನ ಜನನ ನೋಂದಣಿ, ಶಾಲಾ ದಾಖಲಾತಿಗಳನ್ನು ಹೆತ್ತವರು ಉದಾಸೀನ ಮಾಡಬಾರದು. ಬಂಧನದ ಸುದ್ದಿ ಬಂದ ಕೂಡಲೇ ಆ ದಾಖಲೆಗಳೊಂದಿಗೆ ಠಾಣೆಗೂ ಮಂಡಳಿಗೂ ಧಾವಿಸುವ ಸಂಘಟನೆಗಳು ಪ್ರತಿ ಊರಿನಲ್ಲಿ ಬೇಕು. ಬಾಲಕನೆಂಬ ವಾದವನ್ನು ಯಾವ ಹಂತದಲ್ಲಾದರೂ, ಅಂತಿಮ ತೀರ್ಪಿನ ನಂತರವೂ ಮಂಡಿಸಲು ಕಾನೂನು ಅವಕಾಶವಿತ್ತಿದೆ. ಆದರೆ 28 ವರ್ಷಗಳ ನಂತರ ತೆರೆದ ಬಾಗಿಲಿನಿಂದ ಹೊರಬರುವವನು ಬಾಲಕನಾಗಿರುವುದಿಲ್ಲ. ಕಳೆದುಹೋದ ಆ ಬಾಲ್ಯವನ್ನು ಮರಳಿಸುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇಲ್ಲ.