ಮಾರಿದ್ದೆಷ್ಟು, ಮುಟ್ಟಿದ್ದೆಷ್ಟು?

ಬನಹಟ್ಟಿಯ ಮಗ್ಗದಲ್ಲಿ ನೇಯ್ದ ಹತ್ತಿ ಸೀರೆಯೊಂದು ಕೆನಡಾದ ಟೊರೊಂಟೊದ ಒಂದು ಮನೆಯ ಕಪಾಟಿನಲ್ಲಿ ಘಡಿ ಮುರಿಯದೆ ಉಳಿದಿದೆ ಎಂದಿಟ್ಟುಕೊಳ್ಳಿ. ಆ ಮನೆಯ ಹುಡುಗಿಗೆ ಅದನ್ನು ಅಂತರ್ಜಾಲದಲ್ಲಿ ಮಾರಿ, ಬಂದ ಹಣವನ್ನು ಅಲ್ಲಿನ ಮಕ್ಕಳ ಆಸ್ಪತ್ರೆಗೆ ಕೊಡುವ ಆಸೆ. ಆಸೆ ಒಳ್ಳೆಯದೇ. ಆದರೆ ಸೀರೆ 50 ಡಾಲರಿಗೆ ಹೋದರೆ ಆಸ್ಪತ್ರೆಗೆ ಮುಟ್ಟುವುದು ಎಷ್ಟು?

ಕೆನಡಾದಲ್ಲಿ ಇಂಥ ಮಾರಾಟ ಈಗ ಸಾಮಾನ್ಯ. ಈಬೇಯಂಥ ತಾಣದಲ್ಲಿ ವಸ್ತುವಿನ ಚಿತ್ರ ಹಾಕುವಾಗಲೇ ಮಾರುವವರು ಒಂದು ಧರ್ಮಾರ್ಥ ಸಂಸ್ಥೆಯನ್ನು ಆರಿಸಿಕೊಂಡು, ಬೆಲೆಯಲ್ಲಿ ನೂರಕ್ಕೆ ಇಷ್ಟು ಪಾಲು ಅದಕ್ಕೆ ಎಂದು ಗೊತ್ತುಮಾಡಬಹುದು. ಆ ಪಾಲು ನೂರಕ್ಕೆ 10 ಇರಬಹುದು, ಪೂರ್ತಿ 100 ಕೂಡ ಇರಬಹುದು. ಕೊಳ್ಳುವವರ ಕಣ್ಣಿಗೆ ಮೊದಲು ಬೀಳುವುದು ಸಂಸ್ಥೆಯ ಹೆಸರು. ಪಾಲು ಎಷ್ಟೆಂಬುದನ್ನು ಓದುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ.

ಲೆಕ್ಕಕ್ಕೆಂದು ಕೆಲವು ಅಂಕಿಗಳನ್ನು ಹಿಡಿಯೋಣ. ಅಂಚೆಗೆ 12 ಡಾಲರ್, ತಾಣದ ಶುಲ್ಕ 6, ಪೊಟ್ಟಣಕ್ಕೆ 2. ಒಟ್ಟು 20 ಹೋಗಿ 30 ಉಳಿಯಿತು. ಹುಡುಗಿ ಉಳಿದದ್ದನ್ನೆಲ್ಲ ಕೊಟ್ಟರೆ ಕೊಂಡವರ ಹಣದಲ್ಲಿ ನೂರಕ್ಕೆ 60 ಆಸ್ಪತ್ರೆಗೆ ಸೇರಿತು. ಪಾಲು 20 ಎಂದು ಬರೆದಿದ್ದರೆ ಆಸ್ಪತ್ರೆಗೆ ಬರೀ 10 ಡಾಲರ್. ಪೂರ್ತಿ 100 ಎಂದು ಬರೆದಿದ್ದರೆ 50 ಡಾಲರೂ ಆಸ್ಪತ್ರೆಗೆ ಹೋಗುತ್ತದೆ, ಮೇಲಿನ 20 ಡಾಲರ್ ಅಪ್ಪನ ಜೇಬಿನಿಂದ!

ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಇದು ಹೊಸ ಪಾಠವಲ್ಲ. ಯಂತ್ರಗಳ ದಕ್ಷತೆ ಎಂದು ಓದಿರುತ್ತೀರಿ. ಬಾವಿಯ ಗಡಗಡೆಯಲ್ಲಿ ಹಗ್ಗ ಎಳೆಯುವ ಬಲದಲ್ಲಿ ಒಂದಿಷ್ಟು ಘರ್ಷಣೆಗೆ ಹೋಗುತ್ತದೆ. ಹಳೆಯ ತಂತಿಯ ಬಲ್ಬು ತಾನು ಉಂಡ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 5 ಪಾಲನ್ನಷ್ಟೇ ಬೆಳಕು ಮಾಡಿ, ಮಿಕ್ಕದ್ದನ್ನು ಶಾಖವಾಗಿ ಚೆಲ್ಲುತ್ತಿತ್ತು. ದಾನಕ್ಕಾಗಿ ಮಾಡುವ ಮಾರಾಟವೂ ಒಂದು ಯಂತ್ರವೇ. ಅದರ ಘರ್ಷಣೆ ಎಂದರೆ ಮುಖ್ಯವಾಗಿ ತೂಕ ಮತ್ತು ದೂರ. ಜಮಖಂಡಿಯಿಂದ ಹಳೆಯ ಪುಸ್ತಕಗಳ ಗಂಟನ್ನು ಟೊರೊಂಟೊಗೆ ಕಳಿಸಿ ಮಾರುತ್ತೇವೆಂದು ಹೊರಟರೆ ಪುಸ್ತಕಕ್ಕಿಂತ ಅಂಚೆಯ ವೆಚ್ಚವೇ ಹೆಚ್ಚಾದೀತು.

ಈ ಘರ್ಷಣೆಯನ್ನು ಬಹಳ ಜಾಣತನದಿಂದ ಕಡಿಮೆ ಮಾಡಿದವನು ಡೆನ್ಮಾರ್ಕಿನ ಒಬ್ಬ ಅಂಚೆ ಗುಮಾಸ್ತ, ಐನಾರ್ ಹೋಲ್‌ಬೊಲ್. ಕ್ರಿಸ್‌ಮಸ್ ಹೊತ್ತಿಗೆ ರಾಶಿ ಬೀಳುವ ಪತ್ರಗಳನ್ನು ವಿಂಗಡಿಸುತ್ತಿದ್ದ ಆತನಿಗೆ, ಪ್ರತಿ ಪತ್ರಕ್ಕೂ ಒಂದು ಚಿಕ್ಕ ಚೀಟಿ ಅಂಟಿಸಿ, ಅದರ ಪುಡಿಗಾಸನ್ನು ಕ್ಷಯರೋಗಿ ಮಕ್ಕಳಿಗೆ ಕೊಡಬಾರದೇಕೆ ಎನಿಸಿತು. 1904 ರಲ್ಲಿ, ಮೊದಲ ವರ್ಷವೇ, 40 ಲಕ್ಷಕ್ಕೂ ಹೆಚ್ಚು ಚೀಟಿಗಳು ಖರ್ಚಾದವು. ಚೀಟಿಗೆ ತೂಕವಿಲ್ಲ, ಸಾಗಿಸುವ ವೆಚ್ಚವೂ ಇಲ್ಲ, ಹೇಗೂ ಹೋಗುವ ಪತ್ರದ ಬೆನ್ನೇರಿ ಅದು ಹೋಗುತ್ತದೆ. 1908 ರಲ್ಲಿ ಈ ಪದ್ಧತಿ ಕೆನಡಾಕ್ಕೂ ಬಂತು. ನಮ್ಮ ದೇಶದಲ್ಲಿ 1939 ರಲ್ಲಿ ಸ್ಥಾಪನೆಯಾದ ಭಾರತೀಯ ಕ್ಷಯರೋಗ ಸಂಘವೂ ಟಿ.ಬಿ. ಸೀಲು ಮಾರಿ ಹಣ ಕೂಡಿಸಿತು. ಡಿಸೆಂಬರ್ 7 ರ ಧ್ವಜ ದಿನದಂದು ಡಬ್ಬಿ ಹಿಡಿದು, ಎದೆಗೆ ಪುಟ್ಟ ಧ್ವಜ ಚುಚ್ಚಿ ಕಾಸು ಕೇಳಿದ ನೆನಪು ಇಂದಿನ ಅನೇಕ ತಂದೆತಾಯಿಯರಿಗೆ ಇದ್ದೀತು. ಅದೂ ಇದೇ ಜಾತಿಯ ಯಂತ್ರ.

ಮಾರದೆ ವಸ್ತುವನ್ನೇ ಕೊಡುವುದು ಇನ್ನೊಂದು ದಾರಿ. ಮುಧೋಳದ ಬಳೆಗಾರ ಕುಲದ ಕವಿ ರನ್ನನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಓಲೆ ಪ್ರತಿಗಳನ್ನು ಬರೆಸಿ ದಾನ ಮಾಡಿದಳೆಂದು ಪ್ರಸಿದ್ಧಿ. ಬೇಕಾದವರ ಕೈಗೆ ಬೇಕಾದ ವಸ್ತುವೇ ಹೋದರೆ ನಡುವೆ ಸೋರುವುದು ಕಡಿಮೆ. ಬೇಡದ ವಸ್ತು ಹೋದರೆ ಮಾತ್ರ ಅದು ದಾನವಲ್ಲ, ಕಪಾಟು ಖಾಲಿ ಮಾಡಿಕೊಳ್ಳುವ ಉಪಾಯ.

ಇನ್ನು ಹಣ ಕಡಲು ದಾಟುವ ವಿಷಯ. 2019 ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಸೀಮೆಯ ಹಳ್ಳಿಗಳಿಗೆ ನೀರು ನುಗ್ಗಿತ್ತು. ಇಂಥ ಹೊತ್ತಿನಲ್ಲಿ ಹೊರದೇಶದಲ್ಲಿರುವ ಮಕ್ಕಳು ಮೊಮ್ಮಕ್ಕಳಿಗೆ ಏನಾದರೂ ಮಾರಿ ಊರಿಗೆ ಕಳಿಸಬೇಕೆನಿಸುವುದು ಸಹಜ. ಆದರೆ ಊರಿನ ಯುವಕ ಸಂಘದ ಖಾತೆಗೆ ಸುಮ್ಮನೆ ಹಾಕಲು ಬರುವುದಿಲ್ಲ. 2010 ರ ವಿದೇಶಿ ವಂತಿಗೆ ಕಾಯ್ದೆಯ ಪ್ರಕಾರ, ವಿದೇಶಿಯರ ಹಣ ಪಡೆಯುವ ಸಂಸ್ಥೆಗೆ ಕೇಂದ್ರ ಸರಕಾರದ ನೋಂದಣಿ ಇಲ್ಲವೇ ಪೂರ್ವಾನುಮತಿ ಬೇಕು. 2020 ರ ತಿದ್ದುಪಡಿಯ ಮೇಲೆ ಆ ಹಣ ಮೊದಲು ಬಂದು ಬೀಳಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕಿನ ಗೊತ್ತಾದ ಶಾಖೆಗೆ. ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ವಂತಿಗೆಯಲ್ಲ. ಕೆನಡಾದ ಪೌರತ್ವ ಪಡೆದವರು ಕೊಟ್ಟರೆ ಹೌದು. ಒಂದೇ ಮನೆಯ ಅಣ್ಣನಿಗೊಂದು, ತಮ್ಮನಿಗೊಂದು ನಿಯಮ ಬೀಳಬಹುದು. ಒಳ್ಳೆಯ ಉದ್ದೇಶದಿಂದ ಹಣ ತರಿಸಿದ ಸಂಘದವರು ಇದನ್ನರಿಯದೆ ತೊಂದರೆಗೆ ಸಿಕ್ಕಿಬೀಳಬಾರದು.

ಸಂಸ್ಥೆ ನಿಜವಾದದ್ದೇ ಎಂದು ನೋಡುವುದು ಕೆನಡಾದಲ್ಲಿ ಕಷ್ಟವಲ್ಲ. ನೋಂದಾಯಿತ ಧರ್ಮಾರ್ಥ ಸಂಸ್ಥೆಗೆ ಒಂಬತ್ತು ಅಂಕಿ, ಆಮೇಲೆ ‘ಆರ್‌ಆರ್’ ಎಂಬ ಅಕ್ಷರ, ಮತ್ತೆ ನಾಲ್ಕು ಅಂಕಿ ಇರುವ ಸಂಖ್ಯೆ ಇರುತ್ತದೆ. ಅಲ್ಲಿನ ಕಂದಾಯ ಇಲಾಖೆಯ ಪಟ್ಟಿಯಲ್ಲಿ ಯಾರು ಬೇಕಾದರೂ ಅದನ್ನು ಹುಡುಕಿ, ಸಂಸ್ಥೆ ವರ್ಷದಲ್ಲಿ ಯಾವುದಕ್ಕೆ ಎಷ್ಟು ಖರ್ಚು ಮಾಡಿತೆಂದು ಓದಬಹುದು. ತೆರಿಗೆ ರಸೀದಿಯಲ್ಲಿಯೂ ಅಲ್ಲಿ ಒಂದು ಸೂಕ್ಷ್ಮವಿದೆ. ಸಂಸ್ಥೆಯೇ ನಡೆಸುವ ಹರಾಜಿನಲ್ಲಿ 50 ಡಾಲರ್ ಬಾಳುವ ಸೀರೆಯನ್ನು 80 ಕೊಟ್ಟು ಕೊಂಡರೆ ದಾನವೆಂದು ಲೆಕ್ಕಕ್ಕೆ ಬರುವುದು 30 ಮಾತ್ರ. ಸೀರೆಯಂತೂ ಮನೆಗೆ ಬಂತಲ್ಲ!

ನಮ್ಮ ಸೀಮೆಯಲ್ಲಿ ಯಾವ ರಸೀದಿಯ ಆಸೆಯೂ ಇಲ್ಲದೆ ಹಣ ಕೂಡಿದ ದೊಡ್ಡ ಉದಾಹರಣೆ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿದೆ. ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ಕೃಷ್ಣಾ ತೀರದ ರೈತರು ತಾವೇ ವಂತಿಗೆ ಹಾಕಿ, ತಾವೇ ದುಡಿದು 1989 ರಲ್ಲಿ ನದಿಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂಬ ಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ. ನ್ಯಾಮಗೌಡರು 1991 ರಲ್ಲಿ ಲೋಕಸಭೆಗೆ ಆರಿಸಿಬಂದರು. 2018 ರಲ್ಲಿ ಅಪಘಾತದಲ್ಲಿ ತೀರಿಕೊಂಡರೂ ಜನ ಅವರನ್ನು ‘ಬ್ಯಾರೇಜ್ ಸಿದ್ದು’ ಎಂದೇ ನೆನೆಯುತ್ತಾರೆ. ಅಲ್ಲಿ ಹಣ ಕೊಟ್ಟವನಿಗೂ ಹಣ ತಲುಪಿದ ಜಾಗಕ್ಕೂ ನಡುವೆ ದೂರವೇ ಇರಲಿಲ್ಲ. ಕೊಟ್ಟವನು ದಂಡೆಗೆ ಹೋಗಿ ನೋಡಬಹುದಿತ್ತು.

ಬೀಳಗಿಯಲ್ಲೋ ಮುಧೋಳದಲ್ಲೋ ಶಾಲೆಯ ಮಕ್ಕಳು ಹಳೆಯ ಪುಸ್ತಕ, ಕೈಕಸುಬಿನ ಸಾಮಾನು ಮಾರಿ ಹಣ ಕೂಡಿಸುವುದಾದರೆ ಊರಿನಲ್ಲೇ ಮಾರಲಿ. ಮಾರಿದ್ದೆಷ್ಟು, ಖರ್ಚೆಷ್ಟು, ಮುಟ್ಟಿದ್ದೆಷ್ಟು ಎಂಬ ಮೂರು ಸಾಲುಗಳನ್ನು ಶಾಲೆಯ ಹಲಗೆಯ ಮೇಲೆ ಒಂದು ವಾರ ಅಳಿಸದೆ ಇಡಲಿ. ಮೂರನೆಯದನ್ನು ಮೊದಲನೆಯದರಿಂದ ಭಾಗಿಸುವ ಕೆಲಸ ಏಳನೆಯ ತರಗತಿಯವರಿಗಿರಲಿ.